ಕ್ವೆಟ್ಟಾದಲ್ಲಿ ಬೀಳದೆ ನಿಂತ ಮನೆಗಳು

ಜನರನ್ನು ಕೊಲ್ಲುವುದು ಭೂಕಂಪವಲ್ಲ, ಕುಸಿಯುವ ಕಟ್ಟಡ ಎಂಬ ಮಾತು ಎಂಜಿನಿಯರುಗಳಲ್ಲಿ ಪ್ರಚಲಿತವಾಗಿದೆ. ಇದಕ್ಕೆ ನಮ್ಮ ಉಪಖಂಡದ ಇತಿಹಾಸದಲ್ಲಿಯೇ ಒಂದು ಸ್ಪಷ್ಟ ನಿದರ್ಶನವಿದೆ. ನಾನು ಪಾಠ ಹೇಳಿದ ಯಾವ ಪಠ್ಯಪುಸ್ತಕದಲ್ಲಿಯೂ ಅದು ಇರಲಿಲ್ಲ.

1931ರ ಆಗಸ್ಟ್ ತಿಂಗಳಲ್ಲಿ ಬಲೂಚಿಸ್ತಾನದ ಮಾಚ್ ಎಂಬಲ್ಲಿ ಪ್ರಬಲ ಭೂಕಂಪವಾಯಿತು. ಆ ಬಳಿಕ ಕ್ವೆಟ್ಟಾ ನಗರದ ರೈಲ್ವೆ ನೌಕರರಿಗೆ ಕಂಪನವನ್ನು ತಾಳಬಲ್ಲ ವಸತಿಗೃಹಗಳನ್ನು ರೂಪಿಸುವ ಹೊಣೆ ಎಸ್. ಎಲ್. ಕುಮಾರ್ ಎಂಬ ತರುಣ ಎಂಜಿನಿಯರರ ಪಾಲಿಗೆ ಬಂದಿತು.

ನಿಂತ ಬಸ್ಸು ತಟ್ಟನೆ ಮುಂದಕ್ಕೆ ಚಲಿಸಿದಾಗ ಪ್ರಯಾಣಿಕನು ಹಿಂದಕ್ಕೆ ವಾಲುತ್ತಾನೆ. ಇದು ಜಡತ್ವ. ನೆಲ ಪಕ್ಕಕ್ಕೆ ಸರಿದಾಗ ಮನೆಯ ಪಾಡೂ ಇದೇ. ಮನೆ ಭಾರವಾದಷ್ಟೂ ಅದನ್ನು ಅಡ್ಡಕ್ಕೆ ನೂಕುವ ಬಲ ಹೆಚ್ಚು. ಕಟ್ಟಡದ ತೂಕದ ಹತ್ತನೆಯ ಒಂದು ಭಾಗದಷ್ಟು ಬಲ ಹೀಗೆ ಅಡ್ಡಲಾಗಿ ಬಿದ್ದರೂ ತಾಳುವಂತೆ ಕುಮಾರ್ ಲೆಕ್ಕ ಹಾಕಿದರು. ರೈಲು ಕಂಬಿಗಳ ಚೌಕಟ್ಟು ಇಟ್ಟಿಗೆ ಗೋಡೆಗಳನ್ನು ಬಿಗಿಯಾಗಿ ಹಿಡಿಯಿತು. 1933ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಭಾರತದ ಭೂಕಂಪ ವಲಯಗಳ ಮೊದಲ ನಕ್ಷೆಯೂ ಇತ್ತು.

1935ರ ಮೇ 31ರ ಬೆಳಗಿನ ಜಾವ, ಊರೆಲ್ಲ ನಿದ್ರೆಯಲ್ಲಿದ್ದಾಗ, ಕ್ವೆಟ್ಟಾ ನೆಲಸಮವಾಯಿತು. ಸತ್ತವರು 20,000ಕ್ಕೂ ಹೆಚ್ಚು. ಆ ಅವಶೇಷಗಳ ನಡುವೆ ಕುಮಾರರ ಮನೆಗಳು ಮಾತ್ರ ಜಖಂಗೊಳ್ಳದೆ ನಿಂತಿದ್ದವು. ಲೆಕ್ಕವು ಸರಿಯೆಂದು ಪ್ರಕೃತಿಯೇ ಪರೀಕ್ಷಿಸಿ ಒಪ್ಪಿತು. ಆ ಪರೀಕ್ಷೆಯ ಬೆಲೆ ಮಾತ್ರ ಘೋರವಾಗಿತ್ತು.

ಸ್ವತಂತ್ರ ಭಾರತದಲ್ಲಿ ಈ ವಿದ್ಯೆ ಬೆಳೆಯಿತು. 1960ರಲ್ಲಿ ರೂರ್ಕಿಯಲ್ಲಿ ಭೂಕಂಪ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಆರಂಭವಾಯಿತು. 1962ರಲ್ಲಿ ದೇಶದ ಮೊದಲ ಭೂಕಂಪ ವಿನ್ಯಾಸ ಸಂಹಿತೆ ಹೊರಬಂದಿತು. ಆದರೆ ಪುಸ್ತಕದ ವಿದ್ಯೆ ಗಾರೆಯವನ ಕರಣೆಯವರೆಗೆ ಇಳಿಯಲಿಲ್ಲ. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ, ಮಣ್ಣಿನಲ್ಲಿ ಕೂರಿಸಿದ ಕಲ್ಲುಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದು ಸುಮಾರು 8,000 ಜನ ಮಡಿದರು. ಬೀದರ್, ಕಲಬುರಗಿಗಳಲ್ಲಿಯೂ ನೆಲ ನಡುಗಿತು. ಅಂದಿನ ನಕ್ಷೆಯಲ್ಲಿ ಕಿಲ್ಲಾರಿ ಇದ್ದುದು ಅತಿ ಕಡಿಮೆ ಅಪಾಯದ ವಲಯದಲ್ಲಿ! 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆಯಲಾಯಿತು.

ಕಲ್ಲು, ಇಟ್ಟಿಗೆಯ ಮನೆಯಲ್ಲಿ ಬಾಗಿಲು ಕಿಟಕಿಗಳ ಮೇಲೆ ಎಲ್ಲ ಗೋಡೆಗಳನ್ನೂ ಸುತ್ತುವರಿದು ಕಟ್ಟುವ ಕಾಂಕ್ರೀಟು ಪಟ್ಟಿ ದೊಡ್ಡ ಖರ್ಚಿನದಲ್ಲ. ಹೊಸ ಮನೆ ಕಟ್ಟಿಸುವವರು ಬಾಗಿಲಿನ ವಾಸ್ತುವನ್ನು ವಿಚಾರಿಸುವ ಮೊದಲು ಎಂಜಿನಿಯರರನ್ನು ಈ ಪಟ್ಟಿಯ ಬಗ್ಗೆ ಕೇಳಲಿ ಎಂಬುದು ನನ್ನ ವಿನಂತಿ.