ಗಡಿಯಾಚೆಯ ಅಚ್ಚು: ಮೈಸೂರು ಸಂಸ್ಥಾನದ ಪತ್ರಿಕಾ ನಿರ್ಬಂಧ ಮತ್ತು ಕೋಲಾರ ಸೀಮೆ

ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳ ಮೇಲಿನ ಹತೋಟಿ ಸೆರೆಮನೆಗಿಂತ ಹೆಚ್ಚಾಗಿ ಪರವಾನಗಿಯ ಮೂಲಕ ನಡೆಯಿತು. ಬರೆದವನನ್ನು ಹಿಡಿದು ಶಿಕ್ಷಿಸುವುದಕ್ಕಿಂತ, ಬರೆಯುವ ಮೊದಲೇ ಅವನಿಗೆ ಅಂಕೆ ಹಾಕುವುದು ಸರ್ಕಾರಕ್ಕೆ ಸುಲಭವಾಗಿತ್ತು. ಆದರೆ ಸಂಸ್ಥಾನದ ಪರವಾನಗಿ ಸಂಸ್ಥಾನದ ಎಲ್ಲೆಯವರೆಗೆ ಮಾತ್ರ ನಡೆಯುತ್ತಿತ್ತು. ಆ ಎಲ್ಲೆ ಎಷ್ಟು ಹತ್ತಿರದ್ದೆಂಬುದು ಕೋಲಾರ ಜಿಲ್ಲೆಯಲ್ಲಿದ್ದಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ. ಮುಳಬಾಗಿಲಿನಿಂದ ನಂಗಲಿ ಘಟ್ಟ ಇಳಿದರೆ ಮದ್ರಾಸ್ ಪ್ರಾಂತ. ಮಾಲೂರು, ಬಂಗಾರಪೇಟೆ ದಾಟಿದ ರೈಲು ಕುಪ್ಪಂ ಮುಟ್ಟಿದರೆ ಅಲ್ಲಿಯೂ ಮದ್ರಾಸೇ. ಗೌರಿಬಿದನೂರಿನಾಚೆ ಅನಂತಪುರದ ಹಿಂದೂಪುರ. 1864ರಲ್ಲಿ ಬೆಂಗಳೂರು–ಜೋಲಾರಪೇಟೆ ರೈಲುದಾರಿ ತೆರೆದ ಮೇಲೆ ಮದ್ರಾಸಿನ ಟಪಾಲು ಮಾಲೂರಿನ ಮೇಲೆಯೇ ಬೆಂಗಳೂರಿಗೆ ಬರತೊಡಗಿತು. 1910ರ ದಶಕದಲ್ಲಿ ಕೋಲಾರ, ಶ್ರೀನಿವಾಸಪುರಗಳಿಗೂ ಸಣ್ಣ ಗೇಜಿನ ರೈಲು ಬಂತು. ಮುಳಬಾಗಿಲಿಗೆ ಮಾತ್ರ ಅಂದಿಗೂ ರಸ್ತೆಯೇ ಗತಿ.

ಅಚ್ಚಿನ ವಿಷಯದಲ್ಲಿ ಸಂಸ್ಥಾನದೊಳಗೇ ಇನ್ನೊಂದು ಪರರಾಜ್ಯವಿತ್ತು. 1881ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿದಾಗ ಬೆಂಗಳೂರು ದಂಡುಪ್ರದೇಶವನ್ನು ಬ್ರಿಟಿಷರು ತಮ್ಮಲ್ಲೇ ಉಳಿಸಿಕೊಂಡರು. ಪೇಟೆಯಲ್ಲಿ ದಿವಾನರ ಆಳ್ವಿಕೆ, ದಂಡಿನಲ್ಲಿ ರೆಸಿಡೆಂಟರ ಆಳ್ವಿಕೆ. ಒಂದು ಕಡೆ ಅಡ್ಡಿಯಾದರೆ ಇನ್ನೊಂದು ಕಡೆ ಅಚ್ಚು ಹಾಕಿಸುವ ದಾರಿ ಹೀಗೆ ಸಂಸ್ಥಾನಗಳಲ್ಲಿ ಬೆಳೆಯದಂತೆ ಭಾರತ ಸರ್ಕಾರ 1891ರಲ್ಲಿ ಅಧಿಸೂಚನೆಯೊಂದನ್ನು ಹೊರಡಿಸಿತು. ಬ್ರಿಟಿಷ್ ಇಂಡಿಯಾದ ಹೊರಗಿದ್ದರೂ ಬ್ರಿಟಿಷರೇ ಆಳುತ್ತಿದ್ದ ಜಾಗಗಳಲ್ಲಿ ಪೊಲಿಟಿಕಲ್ ಏಜೆಂಟರ ಒಪ್ಪಿಗೆಯಿಲ್ಲದೆ ಪತ್ರಿಕೆ ಪ್ರಕಟಿಸುವಂತಿಲ್ಲ ಎಂಬುದು ಅದರ ತಿರುಳು. ಆ ಹೊತ್ತಿಗೆ ಮೈಸೂರಿನ ದೊರೆತನವೇ ಇಂಥ ಕಟ್ಟನ್ನು ಹಾಕಿರಲಿಲ್ಲವೆಂಬುದು ನೆನಪಿಡಬೇಕಾದ ಸಂಗತಿ.

ಆ ಕಟ್ಟು ಬಂದದ್ದು 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ. ಬ್ರಿಟಿಷ್ ಇಂಡಿಯಾದಲ್ಲಿ ಅದೇ ವರ್ಷ ಹೊಸ ಪತ್ರಿಕಾ ಕಾನೂನು ಬಂದಿತ್ತು, ತಿಲಕರಿಗೆ ಶಿಕ್ಷೆಯಾಗಿತ್ತು. ಆ ಗಾಳಿ ಮೈಸೂರಿಗೂ ಬೀಸಿತು. ಮೈಸೂರು ವೃತ್ತಪತ್ರಿಕಾ ನಿಬಂಧನೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಯಾರೂ ಪತ್ರಿಕೆ ನಡೆಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೂ ಪಡೆಯಬಹುದಿತ್ತು. ಬ್ರಿಟಿಷರ ಕಾನೂನಿನಲ್ಲಿ ತಪ್ಪು ಮಾಡಿದ ಮೇಲೆ ಮುಟ್ಟುಗೋಲು, ಮೊಕದ್ದಮೆ. ಮೈಸೂರಿನದರಲ್ಲಿ ತಪ್ಪಿನ ಪ್ರಶ್ನೆಯೇ ಏಳಬೇಕಾಗಿರಲಿಲ್ಲ. ‘ಮಾದರಿ ಸಂಸ್ಥಾನ’ವೆಂದು ಹೊಗಳಿಸಿಕೊಂಡ ರಾಜ್ಯ ಈ ಒಂದು ವಿಷಯದಲ್ಲಿ ತನ್ನ ಯಜಮಾನನಿಗಿಂತ ಬಿಗಿಯಾಗಿತ್ತು.

ಇದಕ್ಕೆ ಬಂದ ಅತ್ಯಂತ ಗಟ್ಟಿಯಾದ ಪ್ರತಿಭಟನೆ ‘ತಾತಯ್ಯ’ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರದು. ‘ವೃತ್ತಾಂತ ಚಿಂತಾಮಣಿ’ಯ ಮೂಲಕ ದಿವಾನರ ಆಡಳಿತವನ್ನು ಎಡೆಬಿಡದೆ ವಿಮರ್ಶಿಸುತ್ತಿದ್ದ ಅವರು, ಅನುಮತಿ ಬೇಡಿ ಬರೆಯುವುದಕ್ಕಿಂತ ಬರೆಯದಿರುವುದು ಮೇಲೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ನಿಲ್ಲಿಸಿದ ಪತ್ರಿಕೆಯೂ ಒಂದು ಸುದ್ದಿ. ಅದನ್ನು ತಡೆಯುವ ನಿಬಂಧನೆ ಸರ್ಕಾರದಲ್ಲಿರಲಿಲ್ಲ.

ಆ ದಿನಗಳಲ್ಲಿ ಬೆಂಗಳೂರಿನ ಪತ್ರಿಕಾ ಕಚೇರಿಗಳಿಗೆ ಹೊಸದಾಗಿ ಕಾಲಿಟ್ಟಿದ್ದವರು ಮುಳಬಾಗಿಲಿನ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ (ಡಿ.ವಿ.ಜಿ.). 1887ರ ಮಾರ್ಚ್ 17ರಂದು ಹುಟ್ಟಿದ ಅವರು ಓದಿದ್ದು ಮುಳಬಾಗಿಲು, ಮೈಸೂರು, ಕೋಲಾರಗಳಲ್ಲಿ. ಮೆಟ್ರಿಕ್ಯುಲೇಷನ್ ಕೈಗೂಡಲಿಲ್ಲ. ಊರಿನಲ್ಲಿ ಮೇಷ್ಟರ ಕೆಲಸ, ಕೋಲಾರದ ಚಿನ್ನದ ಗಣಿಯಲ್ಲಿ ಸೋಡಾ ಕಾರ್ಖಾನೆಯ ಕೆಲಸ ಎಲ್ಲ ಆದ ಮೇಲೆ ಬದುಕು ಅರಸಿಕೊಂಡು ಬೆಂಗಳೂರಿಗೆ ಬಂದಿದ್ದರು. ಕಸುಬು ಕೈಹತ್ತುವ ಹೊತ್ತಿಗೆ ಕಸುಬಿಗೇ ಬೀಗ ಬಿದ್ದದ್ದನ್ನು ಕಂಡ ಈ ಪೀಳಿಗೆಗೆ ಪತ್ರಿಕಾ ಸ್ವಾತಂತ್ರ್ಯ ಪುಸ್ತಕದ ಮಾತಾಗಿರಲಿಲ್ಲ.

ವಿಶ್ವೇಶ್ವರಯ್ಯನವರು ದಿವಾನರಾದ ಮರುವರ್ಷ, 1913ರಲ್ಲಿ, ಡಿ.ವಿ.ಜಿ. ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ದಿವಾನರ ಮೇಲಿನ ಗೌರವ ಅವರ ಟೀಕೆಗೆ ಅಡ್ಡಬರಲಿಲ್ಲ; ಟೀಕೆ ಗೌರವವನ್ನೂ ಕೆಡಿಸಲಿಲ್ಲ. ದೇಶೀಯ ಸಂಸ್ಥಾನಗಳ ಪ್ರಜೆಗಳ ಹಕ್ಕೇನು ಎಂಬುದು ಅವರ ಬರವಣಿಗೆಯ ನಡುಗಂಬ. ಬ್ರಿಟಿಷ್ ಇಂಡಿಯಾದ ರಾಜಕಾರಣಿಗಳು ಸಂಸ್ಥಾನದ ಪ್ರಜೆಯನ್ನು ಮರೆತೇಬಿಟ್ಟಿದ್ದ ಕಾಲದಲ್ಲಿ ಅವರು ಈ ಪ್ರಶ್ನೆಯನ್ನು ದಶಕಗಳ ಕಾಲ ಬಿಡದೆ ಹಿಡಿದರು. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಕರ್ನಾಟಕ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸಮ್ಮೇಳನ ಸೇರಿದ ಬಾಗಲಕೋಟೆ ಇದ್ದದ್ದು ಮುಂಬಯಿ ಪ್ರಾಂತದಲ್ಲಿ.

ಕೋಲಾರ ಜಿಲ್ಲೆಯ ಇನ್ನೊಬ್ಬ ಸಂಪಾದಕರ ದಾರಿ ಬೇರೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಸಂಸ್ಥಾನದ ದೊಡ್ಡ ಅಧಿಕಾರಿ. ಕಥೆ ಬರೆದರು, ಕಾವ್ಯ ಬರೆದರು. ‘ಜೀವನ’ ಪತ್ರಿಕೆಯ ಸಂಪಾದಕತ್ವ ಅವರ ಕೈಗೆ ಬಂದದ್ದು ಸರ್ಕಾರಿ ನೌಕರಿ ಬಿಟ್ಟ ಮೇಲೆ, 1944ರಲ್ಲಿ.

ರಾಜರುಗಳ ಆತಂಕ ಹೊರಗಿನ ಪತ್ರಿಕೆಗಳ ಮೇಲೆ ತಿರುಗಿದ್ದು 1920ರ ದಶಕದಲ್ಲಿ. ತಮ್ಮ ರಾಜ್ಯದೊಳಗಿನ ಪತ್ರಿಕೆಯನ್ನು ಅವರು ಹೇಗಾದರೂ ಅಡಗಿಸಬಲ್ಲರು. ಮದ್ರಾಸ್, ಮುಂಬಯಿ, ಪುಣೆಗಳಲ್ಲಿ ಅಚ್ಚಾಗುವುದನ್ನು ಏನು ಮಾಡುವುದು? ಬ್ರಿಟಿಷ್ ಇಂಡಿಯಾದ 1910ರ ಪತ್ರಿಕಾ ಕಾಯಿದೆ 1922ರಲ್ಲಿ ರದ್ದಾದಾಗ ಅವರಿಗಿದ್ದ ರಕ್ಷಣೆಯೂ ಹೋಯಿತು. ಅದನ್ನು ತುಂಬಿಕೊಡಲು, ಸಂಸ್ಥಾನಾಧಿಪತಿಗಳ ಮೇಲೆ ದ್ವೇಷ ಹುಟ್ಟಿಸುವ ಬರಹಕ್ಕೆ ಐದು ವರ್ಷದವರೆಗೆ ಸೆರೆ ವಿಧಿಸುವ ಮಸೂದೆಯನ್ನು ಸರ್ಕಾರ ತಂದಿತು. ಕೇಂದ್ರ ಶಾಸನಸಭೆ ಅದನ್ನು ಮಂಡಿಸಲೂ ಅನುಮತಿ ಕೊಡಲಿಲ್ಲ. ವೈಸರಾಯ್ ಲಾರ್ಡ್ ರೀಡಿಂಗ್ ತಮ್ಮ ವಿಶೇಷಾಧಿಕಾರ ಬಳಸಿ ಅದನ್ನು ಕಾನೂನಾಗಿಸಿದರು. 1934ರಲ್ಲಿ ಇನ್ನೊಂದು ಸಂಸ್ಥಾನ ರಕ್ಷಣಾ ಕಾಯಿದೆ ಸೇರಿತು. ಪರರಾಜ್ಯದ ಪತ್ರಿಕೆ ತಮ್ಮನ್ನು ಟೀಕಿಸದಂತೆ ಆ ರಾಜ್ಯದ ಸರ್ಕಾರದಿಂದಲೇ ಕಾನೂನು ಮಾಡಿಸಿಕೊಂಡ ಈ ಪ್ರಸಂಗ ರಾಜತಾಂತ್ರಿಕ ಒತ್ತಡಕ್ಕೆ ಹಳೆಯ, ಒಳ್ಳೆಯ ಉದಾಹರಣೆ. ಒತ್ತಡ ಹಾಕಿದವರು ಅರಸರು, ಮಣಿದದ್ದು ಸಾಮ್ರಾಜ್ಯ. ಸಾಮಾನ್ಯವಾಗಿ ಲೆಕ್ಕ ತಿರುಗುಮುರುಗಾಗಿರುತ್ತಿತ್ತು.

ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ (1926–41) ಪತ್ರಿಕೆಗಳು ಹೆಚ್ಚಿದವು, ಜಗಳವೂ ಹೆಚ್ಚಿತು. ತಿರುಮಲೆ ತಾತಾಚಾರ್ಯ ಶರ್ಮರ ‘ವಿಶ್ವಕರ್ನಾಟಕ’, ಪಿ.ಆರ್. ರಾಮಯ್ಯನವರ ‘ತಾಯಿನಾಡು’ ಕಾಂಗ್ರೆಸ್ಸಿನ ಮಾತನ್ನು ಹಳ್ಳಿಗಳಿಗೆ ಮುಟ್ಟಿಸಿದವು. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ಮುಗಿದ ಎರಡೇ ವಾರಕ್ಕೆ, 25ರಂದು, ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಪೊಲೀಸರು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂದಿತು ಸರ್ಕಾರ. ಅಲ್ಲಿನ ಸ್ಮಾರಕ ನೆನೆಯುವುದು 32 ಮಂದಿಯನ್ನು. ಎರಡು ಲೆಕ್ಕಗಳ ನಡುವಿನ ಈ ಅಂತರವೇ ಪತ್ರಿಕೆಗಳ ಕೆಲಸ ಏನಿತ್ತೆಂಬುದನ್ನು ತಿಳಿಸುತ್ತದೆ. ಸುದ್ದಿ ಸಂಸ್ಥಾನದೊಳಗೇ ಉಳಿಯಲಿಲ್ಲ. ಗಾಂಧಿಯವರು ಅದನ್ನು ಕೈಗೆತ್ತಿಕೊಂಡರು, ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ಮೇ ತಿಂಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದವಾಗಿ, ಮೈಸೂರು ಬಾವುಟದ ಜೊತೆ ಕಾಂಗ್ರೆಸ್ ಬಾವುಟ ಹಾರಿಸಲು ಅವಕಾಶ ಸಿಕ್ಕಿತು. ಗುಂಡಿನ ವಿಚಾರಣೆಗೆ ನ್ಯಾಯಮೂರ್ತಿ ವೇಪಾ ರಾಮೇಶಂ ಸಮಿತಿಯೂ ಕೂತಿತು.

ಇಷ್ಟರಲ್ಲಿ ಗಡಿ ಲೆಕ್ಕಿಸದ ಇನ್ನೊಂದು ಸಾಧನ ಬಂದಿತ್ತು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಸ್ಥಾಪಿಸಿದ ‘ಆಕಾಶವಾಣಿ’ಯನ್ನು 1940ರ ದಶಕದ ಆರಂಭದಲ್ಲಿ ಸಂಸ್ಥಾನ ವಹಿಸಿಕೊಂಡಿತು. ಸರ್ಕಾರದ ಕೈಗೆ ಹೋದ ಮೇಲೆ ರೇಡಿಯೋ ಸರ್ಕಾರದ ಮಾತನ್ನೇ ಆಡುವುದು ಸಹಜ. ಪತ್ರಿಕೆ ಆಡಿದಂತೆ ಅದು ಆಡಲಿಲ್ಲ.

ಗಡಿಯ ಉಪಯೋಗ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು 1947ರ ಸೆಪ್ಟೆಂಬರಿನಲ್ಲಿ. ದೇಶ ಸ್ವತಂತ್ರವಾಗಿತ್ತು, ಮೈಸೂರು ಒಕ್ಕೂಟಕ್ಕೆ ಸೇರಿತ್ತು. ಆದರೂ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ ‘ಮೈಸೂರು ಚಲೋ’ ಚಳವಳಿ ಶುರುವಾದಾಗ ಪತ್ರಿಕೆಗಳ ಮೇಲೆ ಸೆನ್ಸಾರಿನ ಕೈ ಬಿತ್ತು. ‘ಪೌರವಾಣಿ’ಯ ಎಚ್.ಎಸ್. ದೊರೆಸ್ವಾಮಿ ಪತ್ರಿಕೆಯನ್ನು ಹಿಂದೂಪುರಕ್ಕೆ ಒಯ್ದು ಅಲ್ಲಿಂದ ಹೊರತಂದರು. ವಿದುರಾಶ್ವತ್ಥಕ್ಕೆ ಹಿಂದೂಪುರ ನೆರೆಯೂರು. ಬೆಂಗಳೂರಿನಲ್ಲಿ ಅಪರಾಧವಾದ ಸಾಲುಗಳು ಗೌರಿಬಿದನೂರಿನಾಚೆ ಬರೀ ಸಾಲುಗಳಾಗಿದ್ದವು. ಅಕ್ಟೋಬರಿನಲ್ಲಿ ದಿವಾನ ರಾಮಸ್ವಾಮಿ ಮೊದಲಿಯಾರರ ಸರ್ಕಾರ ಮಣಿಯಿತು. ಮೊದಲ ಮುಖ್ಯಮಂತ್ರಿಯಾದವರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. ದಂಡುಪ್ರದೇಶ ಅದೇ ವರ್ಷದ ಜುಲೈನಲ್ಲಿ ಮೈಸೂರಿಗೆ ಮರಳಿತ್ತು. ಊರೊಳಗಿನ ಆ ಪರರಾಜ್ಯವೂ ಇಲ್ಲವಾಯಿತು.

ಸಂಸ್ಥಾನದ ಗಡಿ ಅಳಿದ ಮೇಲೆ ಇಂಥ ಒತ್ತಡ ದೇಶದ ಗಡಿಗೆ ಸರಿಯಿತು. ಲೂಯಿ ಮಾಲ್ ಅವರ ಭಾರತ ಕುರಿತ ಚಿತ್ರಗಳನ್ನು ಪ್ರಸಾರ ಮಾಡಿದ್ದಕ್ಕೆ 1970ರಲ್ಲಿ ದೆಹಲಿಯ ಬಿಬಿಸಿ ಕಚೇರಿಯನ್ನು ಸರ್ಕಾರ ಮುಚ್ಚಿಸಿತು. ಅದು ಮತ್ತೆ ತೆರೆದದ್ದು 1972ರಲ್ಲಿ. 1975ರ ತುರ್ತುಪರಿಸ್ಥಿತಿಯಲ್ಲಿ ಸೆನ್ಸಾರಿನ ಷರತ್ತಿಗೆ ಬಿಬಿಸಿ ಒಪ್ಪದೆ, ಅದರ ವರದಿಗಾರ ಮಾರ್ಕ್ ಟಲಿ ದೇಶ ಬಿಡಬೇಕಾಯಿತು. ಕಿರುತರಂಗದ ರೇಡಿಯೋಗೆ ಮಾತ್ರ ರೈಲೂ ಬೇಡ, ಟಪಾಲೂ ಬೇಡ. 1908ರ ನಿಬಂಧನೆಯ ಕಾಲದಲ್ಲಿ ಕಸುಬಿಗಿಳಿದ ಡಿ.ವಿ.ಜಿ. ತೀರಿಕೊಂಡದ್ದು ಪೂರ್ವ ಸೆನ್ಸಾರ್ ಮತ್ತೆ ಜಾರಿಯಲ್ಲಿದ್ದ 1975ರ ಅಕ್ಟೋಬರ್ 7ರಂದು. ಹಿಂದೂಪುರಕ್ಕೆ ಪತ್ರಿಕೆ ಒಯ್ದಿದ್ದ ದೊರೆಸ್ವಾಮಿಯವರು ಈ ಸಲ ಪ್ರಧಾನಿಗೆ ಟೀಕೆಯ ಪತ್ರ ಬರೆದು ಸೆರೆಮನೆ ಸೇರಿದರು. 1976ರಲ್ಲಿ ಬಂದ ಆಕ್ಷೇಪಾರ್ಹ ಬರಹಗಳ ಪ್ರಕಟಣೆ ತಡೆ ಕಾಯಿದೆಯನ್ನು ಮರುವರ್ಷ ಅಧಿಕಾರಕ್ಕೆ ಬಂದ ಜನತಾ ಸರ್ಕಾರ ರದ್ದುಗೊಳಿಸಿತು.