ಗಾಳಕ್ಕೆ ಸಿಕ್ಕ ಕೆರೆಯ ಚರಿತ್ರೆ

ಕೆರೆ ಏರಿಯ ಮೇಲೆ ನಿಂತು ಒಂದು ಹಿಡಿ ಮಂಡಕ್ಕಿ ಎಸೆದು ನೋಡಿ. ನೀರು ಕಲಕಿ, ಹತ್ತಾರು ಬಾಯಿಗಳು ಮೇಲೇಳುತ್ತವೆ. ಜತೆಗೆ ಬಂದ ಮಗು ಕೇಳುತ್ತದೆ: 'ಈ ಮೀನನ್ನೆಲ್ಲ ಯಾರು ಇಲ್ಲಿ ಬಿಟ್ಟರು?' ದೊಡ್ಡ ನದಿಯಿಲ್ಲದ ಬೆಂಗಳೂರಿನಲ್ಲಿ ಕೆರೆಗಳೆಲ್ಲ ಮನುಷ್ಯ ಕಟ್ಟಿದವು. ಅವುಗಳ ಮೀನಿಗೂ ಮನುಷ್ಯನ ಚರಿತ್ರೆ ಅಂಟಿಕೊಂಡಿದೆ.

ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಪೇಟೆ ಕಟ್ಟಿದಾಗ ಜತೆಯಲ್ಲೇ ಕೆರೆಗಳನ್ನೂ ಕಟ್ಟಿಸಿದರು. ಗವಿಪುರದ ಪಕ್ಕದ ಕೆಂಪಾಂಬುಧಿ ಅವುಗಳಲ್ಲೊಂದು. ಅವು ಮಳೆಯನ್ನೇ ನಂಬಿದ ಕೆರೆಗಳು. ಮುಂಗಾರು, ಹಿಂಗಾರುಗಳಲ್ಲಿ ತುಂಬುತ್ತಿದ್ದವು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ತಳ ಕಾಣುತ್ತಿದ್ದವು. ಅಂಥ ನೀರಿಗೆ ಒಗ್ಗಿಕೊಂಡ ಮೀನುಗಳೆಂದರೆ ಕೊರವ, ಮುರುಗೋಡು, ಹಾವುಮೀನು. ಇವು ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ನೀರು ಇಂಗಿದಾಗ ಕೆಸರಿನಲ್ಲಿ ಹುದುಗಿ ಮುಂದಿನ ಮಳೆಗೆ ಕಾಯಬಲ್ಲವು. ಪಕ್ಕೆಯಂಥ ಸಣ್ಣ ಮೀನುಗಳು ಹೊಸ ನೀರಿನ ಜತೆ ಕೆರೆಯಿಂದ ಕೆರೆಗೆ ಸಾಗುತ್ತಿದ್ದವು.

ಇವನ್ನು ಹಿಡಿಯುವ ಸಲಕರಣೆಯೂ ಸರಳ. ಬಿದಿರಿನ ಕಡ್ಡಿಗೆ ದಾರ, ಬೆಂಡು, ಗಾಳ, ತುದಿಗೊಂದು ಎರೆಹುಳು. ಕೋಡಿ ಹರಿಯುವಲ್ಲಿ ಬಿದಿರಿನ ಕೂಳಿ, ಆಳವಿದ್ದಲ್ಲಿ ಬೀಸುಬಲೆ. ಬೆಸ್ತರಿಗೆ ಇದು ಕಸುಬಾದರೆ, ಉಳಿದವರಿಗೆ ಬೇಸಿಗೆಯ ಹಬ್ಬ. ಮಲೆನಾಡಿನಲ್ಲಿ ನೀರು ಇಳಿದ ಕೆರೆಗೆ ಊರಿಗೆ ಊರೇ ಇಳಿದು ಮೀನು ಹಿಡಿಯುವ 'ಕೆರೆಬೇಟೆ' ಇಂದಿಗೂ ಉಂಟು. 2024ರಲ್ಲಿ ಅದೇ ಹೆಸರಿನ ಚಲನಚಿತ್ರವೂ ಬಂದಿತು.

ಗಾಳ ಹಾಕುವುದು ಬಡವರ ಕೆಲಸವಷ್ಟೇ ಆಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವೇ ಇದೆ. ಯಾವ ಮೀನಿಗೆ ಯಾವ ಆಹಾರ, ಗಾಳ ಹೇಗೆ ಹಾಕಬೇಕು ಎಂಬ ವಿವರಗಳು ಅದರಲ್ಲಿವೆ. ಪ್ರಾಣಿಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ಕುರಿತು ಬರೆದರು.

ಬೆಂಗಳೂರಿನ ಕೆರೆಗಳ ಹಣೆಬರಹ ಬದಲಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1876-78ರ ಭೀಕರ ಬರದ ನಂತರ, 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ತಮ್ಮ ಹೆಸರಿನ ಕೆರೆಯನ್ನು ಕಟ್ಟಿಸಿದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಅದೇ ದಶಕದಲ್ಲಿ ಚಾಮರಾಜಪೇಟೆ ಬಡಾವಣೆ ಆಯಿತು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ನಲ್ಲಿ ನೀರು ಬಂದಮೇಲೆ ಕೆರೆಯ ಹೂಳೆತ್ತುವ ಅಗತ್ಯ ಯಾರಿಗಿತ್ತು? ಪೇಟೆಗೆ ನೀರುಣಿಸಿದ ಧರ್ಮಾಂಬುಧಿ ಕ್ರಮೇಣ ಒಣಗಿತು. ಇಂದು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವವರು ನಿಲ್ಲುವುದು ಆ ಕೆರೆಯ ಅಂಗಳದಲ್ಲೇ.

ಉಳಿದ ಕೆರೆಗಳಿಗೆ ಹೊಸ ಮೀನುಗಳು ಬಂದವು. 'ಜಿಲೇಬಿ' ಎಂದು ಕರೆಸಿಕೊಳ್ಳುವ ತಿಲಾಪಿಯಾ ಮೂಲತಃ ಆಫ್ರಿಕದ್ದು. 1952ರಲ್ಲಿ ಭಾರತಕ್ಕೆ ಬಂತು. ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನವು. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರನ್ನೂ ಒಟ್ಟಿಗೆ ಸಾಕಬಹುದು. ಆದರೆ ಅವು ನೆರೆ ಬಂದ ನದಿಯಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ನೀರಿನಲ್ಲಿ ಇಡುವುದಿಲ್ಲ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮೀನಿನ ಮಿದುಳಿನ ಬುಡದ ಗ್ರಂಥಿಯ ಸಾರವನ್ನು ಚುಚ್ಚಿ, ಇಂಥ ಮೀನುಗಳು ಕೊಳದಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಅಲ್ಲಿಂದಾಚೆಗೆ ಮೀನುಮರಿ ಬೇಕಾದಷ್ಟು ಸಿಗತೊಡಗಿತು. ಮರಿ ಬಿಡುವುದು, ಬೆಳೆದಮೇಲೆ ಬಲೆ ಹಾಕುವುದು, ಮತ್ತೆ ಮರಿ ಬಿಡುವುದು: ಮೀನು ಗುತ್ತಿಗೆಯ ಕೆರೆಗಳಲ್ಲಿ ನಡೆಯುವುದು ಇದೇ. ಮಗುವಿನ ಪ್ರಶ್ನೆಗೆ ಉತ್ತರವೂ ಬಹುಮಟ್ಟಿಗೆ ಇಲ್ಲಿದೆ.

ಮೀನಿನ ಜತೆಗೆ ನೀರೂ ಬದಲಾಯಿತು. ಬೇಸಿಗೆಯಲ್ಲಿ ಒಣಗುತ್ತಿದ್ದ ಕೆರೆಗಳು ವರ್ಷವಿಡೀ ತುಂಬಿರತೊಡಗಿದವು. ತುಂಬಿಸಿದ್ದು ಮಳೆಯಲ್ಲ, ಮನೆಗಳ ಕೊಳಚೆ. ಕೆಂಪಾಂಬುಧಿಯೂ ಇದರಿಂದ ಪಾರಾಗಲಿಲ್ಲ. ಕೊಳಚೆಯ ಸತ್ವ ಉಂಡು ಪಾಚಿ ಹಬ್ಬುತ್ತದೆ. ಹಗಲು ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಹೀರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ಊರೆಲ್ಲ ಕಂಡಿತು. ಇಂಥ ನೀರಿನಲ್ಲೂ ಬದುಕಬಲ್ಲ ಆಫ್ರಿಕನ್ ಕ್ಯಾಟ್‌ಫಿಶ್ ಇತರ ಮೀನುಗಳನ್ನು ನುಂಗುತ್ತದೆಂಬ ಕಾರಣಕ್ಕೆ 2000ದಲ್ಲಿ ಅದರ ಸಾಕಣೆ ನಿಷೇಧವಾದರೂ, ಕದ್ದುಮುಚ್ಚಿ ಸಾಕುವುದು ಪೂರ್ತಿ ನಿಂತಿಲ್ಲ.

ಈಗ ಅನೇಕ ಕೆರೆಗಳಿಗೆ ತಂತಿಬೇಲಿ, ನಡಿಗೆ ಹಾದಿ ಬಂದಿವೆ. ಗಾಳ ಹಾಕುವ ಹುಡುಗನನ್ನು ಕಾವಲುಗಾರ ಗದರಿಸಿ ಓಡಿಸುತ್ತಾನೆ. ಬೇಲಿಯಿಂದ ಒತ್ತುವರಿ ತಪ್ಪಿದ್ದು ನಿಜ. ಕೊಳಚೆಯಲ್ಲಿ ಬೆಳೆದ ಮೀನಿನ ಮೈಯಲ್ಲಿ ಸೀಸದಂಥ ಭಾರಲೋಹ ಸೇರಬಹುದೆಂಬ ಭಯವೂ ಸುಳ್ಳಲ್ಲ. ಆದರೆ ನಾವು ಗದರಿಸುವುದು ಗಾಳ ಹಿಡಿದವನನ್ನು. ಕೊಳಚೆ ಬಿಟ್ಟವರು ಬೇಲಿಯ ಹೊರಗೆ, ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ನೀರಿನ ಬಣ್ಣ, ವಾಸನೆ ಕೆಟ್ಟದ್ದು ಮೊದಲು ಗೊತ್ತಾಗುವುದು ದಿನವೂ ಅದಕ್ಕೆ ಕೈಯದ್ದುವವನಿಗೆ. ಅವನನ್ನು ದೂರವಿಟ್ಟ ಕೆರೆ ನೋಡಲು ಚೆಂದವಿದ್ದೀತು. ಅದರ ಕಾಯಿಲೆಯನ್ನು ನಮಗೆ ಹೇಳುವವರು ಮಾತ್ರ ಉಳಿಯುವುದಿಲ್ಲ.

ಹಿಡಿದ ಮೀನನ್ನು ಅಳುಕಿಲ್ಲದೆ ಮನೆಗೆ ಒಯ್ದು ಸಾರು ಮಾಡಬಹುದಾದ ದಿನ, ಆ ಕೆರೆ ನಿಜಕ್ಕೂ ಸುಧಾರಿಸಿದೆ ಎನ್ನಬಹುದು.