ಕೋಲಾರದ ಬೆಣಚುಕಲ್ಲು ಒಡೆದ ಯಂತ್ರಗಳು

ಕೋಲಾರದ ಚಿನ್ನ ಬಹುಪಾಲು ಕಣ್ಣಿಗೆ ಕಾಣುವಂಥದ್ದಲ್ಲ. ಬೆಣಚುಕಲ್ಲಿನಲ್ಲಿ ಸೂಕ್ಷ್ಮ ಕಣಗಳಾಗಿ ಹುದುಗಿರುವ ಅದು ಕಲ್ಲು ನುಣ್ಣನೆಯ ಪುಡಿಯಾಗದೆ ಕೈಗೆ ಸಿಗದು. ಹೀಗಾಗಿ ಅದಿರನ್ನು ಮೇಲೆ ತರುವುದು ಎಷ್ಟು ಕಷ್ಟವೋ ತಂದದ್ದನ್ನು ಒಡೆಯುವುದೂ ಅಷ್ಟೇ ದೊಡ್ಡ ಕೆಲಸವಾಗಿತ್ತು.

1802ರಲ್ಲಿ ಈ ಭಾಗಕ್ಕೆ ಬಂದ ಸರ್ವೆ ಅಧಿಕಾರಿ ಲೆಫ್ಟಿನೆಂಟ್ ಜಾನ್ ವಾರನ್ ಹಳ್ಳಿಗರ ಗಣಿಗಾರಿಕೆಯನ್ನು ಕಂಡು ದಾಖಲಿಸಿದ. ಗಂಡಸರು ಗುಂಡಿಯೊಳಗಿನಿಂದ ಬುಟ್ಟಿಗಳಲ್ಲಿ ಕಲ್ಲು ಮೇಲಕ್ಕೆ ದಾಟಿಸುತ್ತಿದ್ದರು. ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡುತ್ತಿದ್ದರು. ಆಮೇಲೆ ಪುಡಿಯನ್ನು ನೀರಿನಲ್ಲಿ ತೊಳೆದು ಚಿನ್ನ ಬೇರ್ಪಡಿಸಲಾಗುತ್ತಿತ್ತು. ಕೋಲಾರದ ಚರಿತ್ರೆಯನ್ನು ಬ್ರಿಟಿಷ್ ಕಂಪನಿಗಳಿಂದ ಆರಂಭಿಸುವ ರೂಢಿಯಿದೆ. ಅದಿರು ಅರೆದವರ ಚರಿತ್ರೆ ಮಾತ್ರ ಈ ಹೆಂಗಸರಿಂದಲೇ ಶುರುವಾಗಬೇಕು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಆ ಕೆಲಸ ಸ್ಟಾಂಪ್ ಮಿಲ್ಲಿನ ಪಾಲಾಯಿತು. ಮಿಲ್ಲಿನ ತತ್ವ ಒರಳು ಒನಕೆಯದೇ. ಕಬ್ಬಿಣದ ಐದು ಒನಕೆಗಳ ಸಾಲಿಗೆ ಬ್ಯಾಟರಿ ಎಂದು ಹೆಸರು. ಒಂದೊಂದು ಒನಕೆಯ ತೂಕ ಸಾಮಾನ್ಯವಾಗಿ 350ರಿಂದ 450 ಕಿಲೋ. ತಿರುಗುವ ದಂಡಕ್ಕೆ ಕೂಡಿಸಿದ ಕ್ಯಾಮ್ ಒನಕೆಯನ್ನು ಗೇಣಿನಷ್ಟು ಎತ್ತಿ ಬಿಡುತ್ತಿತ್ತು, ನಿಮಿಷಕ್ಕೆ ಸುಮಾರು ನೂರು ಬಾರಿ. ಕ್ಯಾಮ್ ಒನಕೆಯ ಒಂದು ಪಕ್ಕಕ್ಕೆ ಮಾತ್ರ ತಾಗುವುದರಿಂದ ಪ್ರತಿ ಸಲವೂ ಒನಕೆ ಕೊಂಚ ತಿರುಗಿ ಬೀಳುತ್ತಿತ್ತು. ಅದರ ತಳದ ಉಕ್ಕು ಒಂದೇ ಕಡೆ ಸವೆಯದೆ ಉಳಿಯುತ್ತಿದ್ದುದು ಇದರಿಂದ. ಬಹಳ ಜಾಣತನದ ಏರ್ಪಾಟು ಇದು. ಪುಡಿ ನೀರಿನೊಂದಿಗೆ ಜರಡಿ ದಾಟಿ, ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಯುತ್ತಿತ್ತು. ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು.

ದೊಡ್ಡ ಬಂಡೆಯನ್ನು ನೇರವಾಗಿ ಸ್ಟಾಂಪಿಗೆ ಹಾಕುವಂತಿಲ್ಲ. ಮೊದಲು ಜಾ ಕ್ರಷರ್‌ನಲ್ಲಿ ಅದನ್ನು ಮುಷ್ಟಿಗಾತ್ರಕ್ಕೆ ಇಳಿಸಬೇಕು. ಈ ಯಂತ್ರ ಹುಟ್ಟಿದ್ದು ಗಣಿಗಾಗಿ ಅಲ್ಲ, ರಸ್ತೆಗಾಗಿ. ಅಮೆರಿಕದ ನ್ಯೂ ಹೇವನ್‌ನಲ್ಲಿ 1851ರ ಸುಮಾರಿಗೆ ಜಲ್ಲಿ ರಸ್ತೆಯ ಉಸ್ತುವಾರಿ ವಹಿಸಿಕೊಂಡ ಈಲೈ ವಿಟ್ನಿ ಬ್ಲೇಕ್, ಸುತ್ತಿಗೆಯಿಂದ ಕಲ್ಲು ಒಡೆಯುವ ನಿಧಾನವನ್ನು ಕಂಡು ಯಂತ್ರ ರೂಪಿಸಿ 1858ರಲ್ಲಿ ಪೇಟೆಂಟ್ ಪಡೆದ. ಒಂದು ದವಡೆ ಸ್ಥಿರ, ಇನ್ನೊಂದು ಹಿಂದೆಮುಂದೆ ಅಲುಗುವಂಥದ್ದು. ಮಧ್ಯೆ ಸಿಕ್ಕ ಕಲ್ಲು ಒಡೆಯುತ್ತ ಕೆಳಗಿನ ಕಿರಿದಾದ ಬಾಯಿಯಿಂದ ಬೀಳುತ್ತದೆ. ಒಡೆಯದ ಕಬ್ಬಿಣದ ತುಂಡೇನಾದರೂ ಸಿಕ್ಕಿಕೊಂಡರೆ ದವಡೆಯನ್ನು ನೂಕುವ ಟಾಗಲ್ ಪಟ್ಟಿ ಮೊದಲು ಮುರಿದು ಉಳಿದ ಯಂತ್ರವನ್ನು ಕಾಯುತ್ತದೆ. ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುವ ಮ್ಯಾಂಗನೀಸ್ ಉಕ್ಕನ್ನು 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಮೇಲೆ ದವಡೆಗಳ ಬಾಳಿಕೆಯೂ ಹೆಚ್ಚಿತು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಉದ್ದದ ತಂತಿಯಲ್ಲಿ ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್ ತಲುಪಿತು. ಹಬೆಯ ಎಂಜಿನ್‌ಗಳ ಜಾಗಕ್ಕೆ ಮೋಟಾರುಗಳು ಬಂದವು. ಅಷ್ಟರಲ್ಲಿ ಪುಡಿಯ ಗಾತ್ರದ ಲೆಕ್ಕವೂ ಬದಲಾಗಿತ್ತು. 1887ರಲ್ಲಿ ಗ್ಲಾಸ್ಗೋದಲ್ಲಿ ಪೇಟೆಂಟ್ ಆದ ಸಯನೈಡ್ ವಿಧಾನದಲ್ಲಿ, ಪಾದರಸಕ್ಕೆ ಸಿಗದ ಚಿನ್ನವೂ ಕರಗಿ ಬರುತ್ತದೆ, ಆದರೆ ದ್ರಾವಣ ಕಣವನ್ನು ಮುಟ್ಟಬೇಕಾದರೆ ಅದಿರು ಇನ್ನೂ ನುಣ್ಣಗಿರಬೇಕು. ಅದಕ್ಕೆ ಸ್ಟಾಂಪಿನ ಪೆಟ್ಟು ಸಾಲದು. ಉರುಳುವ ಪೀಪಾಯಿಯೊಳಗೆ ಗಟ್ಟಿ ಕಲ್ಲು ಅಥವಾ ಉಕ್ಕಿನ ಗುಂಡುಗಳೊಂದಿಗೆ ಅದಿರನ್ನು ಅರೆಯುವ ಟ್ಯೂಬ್ ಮಿಲ್ ಮತ್ತು ಬಾಲ್ ಮಿಲ್‌ಗಳು ಲೋಕದ ಚಿನ್ನದ ಗಣಿಗಳಲ್ಲಿ ಸ್ಟಾಂಪನ್ನು ಕ್ರಮೇಣ ಮೂಲೆಗೆ ಸರಿಸಿದವು. ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿ ಊರಿನ ಸುತ್ತ ಗುಡ್ಡಗಳಾಗಿ ಬಿತ್ತು. 2001ರಲ್ಲಿ ಗಣಿ ಮುಚ್ಚಿದರೂ ಬೇಸಿಗೆಯ ಗಾಳಿಗೆ ಅದರ ದೂಳು ಮನೆಮನೆಗೆ ನುಗ್ಗುವುದು ನಿಂತಿಲ್ಲ. ಊರಿನವರಿಗೆ ಇದು ನ್ಯಾಯವಲ್ಲ.

ಇಂದಿನ ದೊಡ್ಡ ಗಣಿಗಳಲ್ಲಿ ಮೊದಲ ಒಡೆತ ಜೈರೇಟರಿ ಕ್ರಷರ್‌ನದು, ಮುಂದಿನದು ಕೋನ್ ಕ್ರಷರ್‌ನದು, ಅರೆಯುವುದು ಮಿಲ್ಲಿನ ಪಾಲು. ಜಾ ಕ್ರಷರ್ ಕರ್ನಾಟಕದಲ್ಲಿ ಈಗ ಹೆಚ್ಚಾಗಿ ಕಾಣುವುದು ಜಲ್ಲಿ ಕ್ರಷರ್‌ಗಳಲ್ಲಿ. ನದಿ ಮರಳಿನ ಕೊರತೆ ಹೆಚ್ಚಿದಂತೆ, ವೇಗವಾಗಿ ತಿರುಗುವ ರೋಟರ್ ಜಲ್ಲಿಯನ್ನು ಎಸೆದು ಒಡೆಯುವ ವಿಎಸ್‌ಐ (ವರ್ಟಿಕಲ್ ಶಾಫ್ಟ್ ಇಂಪ್ಯಾಕ್ಟರ್) ಯಂತ್ರಗಳು ಅವುಗಳ ಪಕ್ಕಕ್ಕೆ ಬಂದಿವೆ. ಎಂ-ಸ್ಯಾಂಡ್ ಎಂಬ ಕೃತಕ ಮರಳು ತಯಾರಾಗುವುದು ಅಲ್ಲಿ.